ಹೊಸ ಉದ್ಯಮಿಗಳಿಗೆ ಮಾಹಿತಿ: ಯಂತ್ರ ಖರೀದಿಗೆ ಮುನ್ನ ಗ್ರಾಹಕರ ಅಗತ್ಯವನ್ನು ಅರಿಯುವುದು (ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು)

1. ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯು ಶೇಂಗಾ ಎಣ್ಣೆ ಗಿರಣಿ ಹಾಗೂ ಕಂಬಳಿ ನೇಯ್ಗೆಗೂ, ಮೊಳಕಾಲ್ಮೂರು ಕೈಮಗ್ಗದ ರೇಷ್ಮೆ ಸೀರೆಗೂ ಹೆಸರಾಗಿವೆ. ಈ ಕಸುಬುಗಳಲ್ಲಿ ಹೊಸ ಘಟಕ ಸ್ಥಾಪಿಸಬಯಸುವವರು ಯೋಜನಾ ವರದಿಯಲ್ಲಿ ಯಂತ್ರ, ಕಟ್ಟಡಗಳ ವೆಚ್ಚವನ್ನು ವಿವರವಾಗಿ ಬರೆದು, ಕೊಳ್ಳುವವರು ಯಾರೆಂಬುದನ್ನು ಒಂದೇ ಸಾಲಿನಲ್ಲಿ ಮುಗಿಸುವುದುಂಟು. ಘಟಕದ ಅಳಿವು ಉಳಿವು ನಿಂತಿರುವುದು ಬಹುಮಟ್ಟಿಗೆ ಆ ಸಾಲಿನ ಮೇಲೆಯೇ.

2. ಸಾಲ ಮತ್ತು ಸಹಾಯಧನ

ಸರಕು ಮಾರಾಟವಾಗದಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ. 2008ರಲ್ಲಿ ಪ್ರಾರಂಭವಾದ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಮಾರ್ಗಸೂಚಿಯಂತೆ ಸಹಾಯಧನವನ್ನು ನಗದಾಗಿ ನೀಡಲಾಗುವುದಿಲ್ಲ. ಅದನ್ನು ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿರಿಸಿ, ಘಟಕದ ಭೌತಿಕ ಪರಿಶೀಲನೆಯ ನಂತರ ಸಾಲಕ್ಕೆ ಹೊಂದಾಣಿಕೆ ಮಾಡಲಾಗುತ್ತದೆ. ಅಷ್ಟರೊಳಗೆ ಘಟಕ ಮುಚ್ಚಿದಲ್ಲಿ ಸಹಾಯಧನ ಕೈತಪ್ಪಿ, ಸಾಲ ಮಾತ್ರ ಉಳಿಯುವ ಸಂಭವವಿರುತ್ತದೆ.

3. ಸ್ಥಳೀಯ ಉತ್ಪನ್ನಗಳು ಮತ್ತು ಗ್ರಾಹಕರು

ಶೇಂಗಾ ಎಣ್ಣೆ: ಸಗಟು ವರ್ತಕರು ಮುಖ್ಯವಾಗಿ ದರವನ್ನು ನೋಡುತ್ತಾರೆ, ಗಾಣದ ಎಣ್ಣೆ ಕೊಳ್ಳುವ ಗೃಹಸ್ಥರು ವಾಸನೆ, ರುಚಿ ಮತ್ತು ನಂಬಿಕೆಯನ್ನು ನೋಡುತ್ತಾರೆ. ಹಿಂಡಿಯನ್ನು ಕೊಳ್ಳುವವರು ಜಾನುವಾರು ಸಾಕಣೆದಾರರು. ಹೀಗೆ ಒಂದೇ ಗಿರಣಿಗೆ ಮೂರು ಬಗೆಯ ಗ್ರಾಹಕರಿರುತ್ತಾರೆ. ಬೆಳೆಯು ಮಳೆಯಾಶ್ರಿತವಾದುದರಿಂದ ಸುಗ್ಗಿಯಲ್ಲಿ ಕಾಯಿ ಸಂಗ್ರಹಿಸಲು ದುಡಿಯುವ ಬಂಡವಾಳವೂ ಅವಶ್ಯಕ.

ಕಂಬಳಿ: ಗಿರಣಿಯ ಅಗ್ಗದ ಹೊದಿಕೆಗಳೊಡನೆ ಕೇವಲ ದರದಲ್ಲಿ ಸ್ಪರ್ಧಿಸುವುದು ಕಷ್ಟ. ದಕ್ಖನಿ ಕುರಿಯ ಒರಟು ಉಣ್ಣೆ ಮೈಗೆ ಚುಚ್ಚುವುದಾದರೂ ಬಾಳಿಕೆ ಬರುತ್ತದೆ. ಆದುದರಿಂದ ಶಾಲಿಗಿಂತ ನೆಲಹಾಸು, ಚೀಲಗಳಿಗೆ ಬೇಡಿಕೆಯಿದೆಯೇ ಎಂದು ಪರೀಕ್ಷಿಸಬಹುದು.

ರೇಷ್ಮೆ ಸೀರೆ: ಮೊಳಕಾಲ್ಮೂರು ಸೀರೆಯು ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದಿದೆ. ಮಾನ್ಯತೆಯು ಹೆಸರನ್ನು ರಕ್ಷಿಸುತ್ತದೆ; ಬಣ್ಣ, ಅಂಚು, ತೂಕ ಮತ್ತು ದರ ಕೊಳ್ಳುವವರಿಗೆ ಒಪ್ಪಿಗೆಯೇ ಎಂಬುದನ್ನು ಉದ್ಯಮಿಯೇ ಅರಿಯಬೇಕು. ಮಧ್ಯವರ್ತಿ ವ್ಯಾಪಾರಿಗೇ ಸೀರೆ ಒಪ್ಪಿಸುವ ನೇಕಾರರಿಗೆ ಉಡುವವರ ಅಭಿಪ್ರಾಯ ತಲುಪುವುದು ವಿರಳ.

4. ಅರ್ಜಿಗೆ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

ಅ) ಬಂಧುಗಳಲ್ಲದ ಕನಿಷ್ಠ 20 ಗ್ರಾಹಕರನ್ನು ಭೇಟಿ ಮಾಡುವುದು. "ಕೊಳ್ಳುವಿರಾ?" ಎಂದು ಕೇಳಿದರೆ ಸೌಜನ್ಯಕ್ಕಾಗಿ ಹೌದೆನ್ನುವವರೇ ಹೆಚ್ಚು. ಕಳೆದ ಬಾರಿ ಏನನ್ನು, ಯಾರಿಂದ, ಯಾವ ದರಕ್ಕೆ ಕೊಂಡರು, ಯಾವ ಕೊರತೆ ಕಂಡರು ಎಂದು ಕೇಳುವುದು.

ಆ) ಸ್ವಂತ ಯಂತ್ರಕ್ಕೆ ಮೊದಲು ಬೇರೊಬ್ಬರ ಗಾಣ ಅಥವಾ ಮಗ್ಗದಲ್ಲಿ ಕೂಲಿ ನೀಡಿ ಅಲ್ಪ ಪ್ರಮಾಣದಲ್ಲಿ ತಯಾರಿಸುವುದು.

ಇ) ಮಾದರಿಯನ್ನು ಉಚಿತವಾಗಿ ಹಂಚದೆ ಬೆಲೆಗೆ ಮಾರುವುದು. ಎರಡನೆಯ ಬಾರಿ ಕೇಳಿ ಬಂದವರ ಸಂಖ್ಯೆಯೇ ಬೇಡಿಕೆಯ ಅಳತೆ.

ಈ) ಕೊಳ್ಳದವರ ಕಾರಣಗಳನ್ನು ಬರೆದಿಟ್ಟು, ಉತ್ಪನ್ನವನ್ನು ತಿದ್ದಿ ಮತ್ತೊಮ್ಮೆ ಮಾರುವುದು. ಈ ವಿವರಗಳನ್ನು ಯೋಜನಾ ವರದಿಯ ಮಾರುಕಟ್ಟೆ ಭಾಗದಲ್ಲಿ ನಮೂದಿಸುವುದು.

5. ನೋಂದಣಿ

2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಯು ಉಚಿತವಾಗಿದ್ದು, ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ. ಎಣ್ಣೆಯನ್ನು ಮಾರಾಟಕ್ಕಾಗಿ ತಯಾರಿಸುವವರು, ಪ್ರಾಯೋಗಿಕ ಮಾರಾಟಕ್ಕೂ ಮುನ್ನ, ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಪಡೆಯತಕ್ಕದ್ದು. ಹೆಚ್ಚಿನ ಮಾಹಿತಿಗೆ ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು.