ಅಣು–ಪರಮಾಣುಗಳ ಚಿತ್ರಲೇಖನ

ಪದಾರ್ಥದ ಸೂಕ್ಷ್ಮ ಘಟಕಗಳಾದ ಪರಮಾಣುಗಳನ್ನೂ, ಅವು ಒಂದನ್ನೊಂದು ಕೂಡಿ ಏರ್ಪಡುವ ಅಣುಗಳನ್ನೂ ಅಕ್ಷರ, ಚುಕ್ಕಿ, ಗೆರೆ, ವರ್ತುಲಗಳ ಮೂಲಕ ಕಾಗದದ ಮೇಲೆ ನಿರೂಪಿಸುವ ಪದ್ಧತಿ. ಕಣ್ಣಿಗೆ ಕಾಣದುದನ್ನು ಬರೆದು ತೋರಿಸುವುದರಿಂದ ಇಂಥ ಚಿತ್ರಗಳು ಆ ವಸ್ತುವಿನ ಪ್ರತಿಬಿಂಬಗಳೇ ಎಂದು ಎಳೆಯ ವಿದ್ಯಾರ್ಥಿಗಳು ಭಾವಿಸುವುದು ಸಹಜ. ಆದರೆ ಒಂದೇ ಕಾಫಿ ತೋಟಕ್ಕೆ ಎಲ್ಲೆಕಟ್ಟನ್ನು ತೋರಿಸುವ ಸರ್ವೆ ನಕ್ಷೆ ಒಂದಾದರೆ ಸ್ಪ್ರಿಂಕ್ಲರ್ ಪೈಪುಗಳು ಹಾಯ್ದ ದಾರಿಯನ್ನು ತೋರಿಸುವ ನಕ್ಷೆ ಮತ್ತೊಂದಾಗಿರುವಂತೆ, ಒಂದೇ ಅಣುವಿಗೆ ನಾಲ್ಕಾರು ಬಗೆಯ ಚಿತ್ರಗಳುಂಟು. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರವನ್ನು ಹೇಳಿ ಮಿಕ್ಕ ಪ್ರಶ್ನೆಗಳ ವಿಷಯದಲ್ಲಿ ಮೌನವಾಗಿರುತ್ತದೆ. ಯಾವ ಪ್ರಶ್ನೆಗೆ ಯಾವ ಚಿತ್ರ ತಕ್ಕದ್ದೆಂಬುದನ್ನು ಅರಿಯುವುದೇ ಈ ವಿದ್ಯೆಯ ಮುಖ್ಯ ಭಾಗ. ಗೆರೆಯ ನಯಗಾರಿಕೆ ಅನಂತರದ್ದು.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯ ಶಾಲೆಗಳಲ್ಲಿ ಈ ಪಾಠವನ್ನು ಹೇಳಿಕೊಡುವವರಿಗೆ ಉದಾಹರಣೆಗಳಿಗಾಗಿ ದೂರ ಹೋಗಬೇಕಾದ ಅಗತ್ಯವಿಲ್ಲ. ಕೊಟ್ಟಿಗೆಯ ಪಕ್ಕದ ಗೋಬರ್ ಗ್ಯಾಸಿನಲ್ಲಿ ಮೀಥೇನ್ ಇದೆ. ಗಿಡದ ಬುಡಕ್ಕೆ ಹಾಕುವ ಗೊಬ್ಬರದಲ್ಲಿ ಯೂರಿಯಾ ಇದೆ. ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯುವ ಡ್ರಮ್ಮಿನಲ್ಲಿ ಮೈಲುತುತ್ತು ಇದೆ. ಲೋಟದಲ್ಲಿ ಕೆಫೀನ್ ಇದೆ. ಪ್ರಸ್ತುತ ಲೇಖನ ಈ ನಾಲ್ಕನ್ನೇ ಆಧರಿಸಿದೆ. ಧಾತುಗಳ ಸಂಕೇತಗಳು ಲೋಕದಲ್ಲೆಲ್ಲ ರೋಮನ್ ಅಕ್ಷರಗಳಲ್ಲಿಯೇ ಇರುವುದರಿಂದ ಇಲ್ಲಿ ಧಾತುವಿನ ಹೆಸರು ಬಂದೆಡೆಯಲ್ಲೆಲ್ಲ ಚಿತ್ರ ಬರೆಯುವವರು ಆಯಾ ಸಂಕೇತವನ್ನು ಹಾಕಿಕೊಳ್ಳತಕ್ಕದ್ದು.

ಪರಮಾಣುಗಳಿಗೆ ಚಿಹ್ನೆಗಳನ್ನು ಕಲ್ಪಿಸಿ ಸಂಯುಕ್ತಗಳನ್ನು ಚಿತ್ರಿಸುವ ಕ್ರಮವನ್ನು ರೂಢಿಗೆ ತಂದವನು ಇಂಗ್ಲೆಂಡಿನ ಜಾನ್ ಡಾಲ್ಟನ್. 1808ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಒಂದೊಂದು ಧಾತುವಿಗೆ ಒಂದೊಂದು ಗುರುತುಳ್ಳ ವರ್ತುಲವನ್ನು ಬಳಸಿದನು. ನೀರನ್ನು ಮಾತ್ರ ಒಂದು ಜಲಜನಕ, ಒಂದು ಆಮ್ಲಜನಕ ಎಂದೇ ಬರೆದನು. ಸ್ವೀಡನ್ನಿನ ಬರ್ಜೀಲಿಯಸ್ ಕೆಲವೇ ವರ್ಷಗಳಲ್ಲಿ ವರ್ತುಲಗಳನ್ನು ಕೈಬಿಟ್ಟು ಅಕ್ಷರ ಸಂಕೇತಗಳನ್ನು ತಂದನು. 1858ರಲ್ಲಿ ಕೂಪರ್ ಪರಮಾಣುಗಳ ನಡುವಣ ಬಂಧಕ್ಕೆ ಗೆರೆಯನ್ನೆಳೆದನು; 1864ರಲ್ಲಿ ಎಡಿನ್‌ಬರೋದ ಕ್ರಮ್ ಬ್ರೌನ್ ಅದನ್ನು ಇಂದು ನಾವು ಕಾಣುವ ರಚನಾಸೂತ್ರದ ರೂಪಕ್ಕೆ ತಂದನು. ಮರುವರ್ಷ ಲಂಡನ್ನಿನ ಉಪನ್ಯಾಸವೊಂದರಲ್ಲಿ ಹಾಫ್‌ಮನ್ ಕ್ರೋಕೆ ಆಟದ ಚೆಂಡುಗಳನ್ನು ಕಡ್ಡಿಗಳಿಂದ ಜೋಡಿಸಿ ಅಣುಗಳ ಮಾದರಿಗಳನ್ನು ತೋರಿಸಿದನು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳಿ, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ ಎಂಬ ವರ್ಣವಿಭಾಗ ಅಂದಿನಿಂದಲೂ ನಡೆದುಬಂದಿದೆ. ಇಂಗಾಲಕ್ಕೆ ಕಪ್ಪು ಬಣ್ಣವಿದೆಯೆಂದಲ್ಲ, ಇದ್ದಿಲು ಕಪ್ಪಾಗಿದೆಯೆಂದು.

ಬಿಡಿ ಪರಮಾಣುವನ್ನು ಬರೆಯುವ ಶಾಲಾ ಕ್ರಮ ನೀಲ್ಸ್ ಬೋರ್ 1913ರಲ್ಲಿ ಮಂಡಿಸಿದ ಮಾದರಿಯನ್ನು ಅನುಸರಿಸುತ್ತದೆ. ನಡುವೆ ಬೀಜಕೇಂದ್ರವನ್ನಿರಿಸಿ, ಅದರೊಳಗೆ ಪ್ರೋಟಾನು, ನ್ಯೂಟ್ರಾನುಗಳ ಸಂಖ್ಯೆಯನ್ನು ಬರೆದು, ಸುತ್ತಲೂ ಏಕಕೇಂದ್ರ ವರ್ತುಲಗಳನ್ನೆಳೆದು, ಮೊದಲನೆಯದರಲ್ಲಿ ಎರಡು, ಎರಡನೆಯದರಲ್ಲಿ ಎಂಟು ಎಂಬ ಮಿತಿಯೊಳಗೆ ಎಲೆಕ್ಟ್ರಾನುಗಳನ್ನು ಚುಕ್ಕಿಗಳಾಗಿ ತುಂಬಿದರೆ ಚಿತ್ರ ಮುಗಿಯಿತು: ಇಂಗಾಲಕ್ಕೆ 2, 4, ಸಾರಜನಕಕ್ಕೆ 2, 5, ಆಮ್ಲಜನಕಕ್ಕೆ 2, 6. ಹೊರಕವಚದಲ್ಲಿ ಎಷ್ಟಿವೆ, ತುಂಬಲು ಎಷ್ಟು ಬೇಕು ಎಂಬ ಒಂದು ಪ್ರಶ್ನೆಗೆ ಈ ಚಿತ್ರ ಚೆನ್ನಾಗಿ ಉತ್ತರಿಸುತ್ತದೆ. ಅದರಾಚೆಗೆ ಅದನ್ನು ನಂಬಲಾಗದು. ಎಲೆಕ್ಟ್ರಾನುಗಳು ಗೆರೆ ಹಿಡಿದು ಸುತ್ತುವುದಿಲ್ಲ. 1926ರಲ್ಲಿ ಶ್ರೋಡಿಂಗರ್ ತನ್ನ ಸಮೀಕರಣವನ್ನು ಪ್ರಕಟಿಸಿದ ಮೇಲೆ ಅವು ಎಲ್ಲಿ ದೊರಕಬಹುದೆಂಬ ಸಂಭಾವ್ಯತೆಯನ್ನಷ್ಟೇ ಹೇಳಲಾಗುತ್ತದೆ. ಪ್ರಮಾಣವೂ ಸುಳ್ಳು: ಪರಮಾಣುವಿನ ವ್ಯಾಸ ಬೀಜಕೇಂದ್ರದ ವ್ಯಾಸಕ್ಕಿಂತ ಹತ್ತಾರು ಸಾವಿರ ಪಟ್ಟು ದೊಡ್ಡದಾಗಿರುವುದರಿಂದ ಸರಿಯಾದ ಪ್ರಮಾಣದ ಚಿತ್ರವನ್ನು ಯಾವ ಕರಿಹಲಗೆಯ ಮೇಲೂ ಬರೆಯಲಾಗದು.

ಪರಮಾಣುಗಳು ಕೂಡುವ ಬಗೆಯನ್ನು ತೋರಿಸಲು ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ರೂಪಿಸಿದ ಚುಕ್ಕಿರಚನೆ ಬೇಕಾಗುತ್ತದೆ. ಒಳಕವಚಗಳನ್ನೆಲ್ಲ ಬಿಟ್ಟು ಹೊರಕವಚದ ಎಲೆಕ್ಟ್ರಾನುಗಳನ್ನು ಮಾತ್ರ ಸಂಕೇತದ ಸುತ್ತ ಚುಕ್ಕಿಗಳಾಗಿ ಬರೆಯುವುದೂ, ಎರಡು ಪರಮಾಣುಗಳು ಹಂಚಿಕೊಂಡ ಜೋಡಿಯನ್ನು ಒಂದು ಗೆರೆಯಿಂದ ಸೂಚಿಸುವುದೂ ಇದರ ಸಾರ. ಯೂರಿಯಾವನ್ನು ಬರೆದು ನೋಡಿದರೆ ಕ್ರಮ ಸ್ಪಷ್ಟವಾಗುತ್ತದೆ. ಇದರ ಅಣುವಿನಲ್ಲಿ ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ. ಮೊದಲು ಬಂಡವಾಳವನ್ನು ಲೆಕ್ಕ ಹಾಕಬೇಕು: 4, 6, 10, 4 ಸೇರಿ 24 ಎಲೆಕ್ಟ್ರಾನು, ಅಂದರೆ 12 ಜೋಡಿ. ಅನಂತರ ಇಂಗಾಲವನ್ನು ನಡುವೆ ಇಟ್ಟು, ಆಮ್ಲಜನಕವನ್ನೂ ಎರಡು ಸಾರಜನಕಗಳನ್ನೂ ಅದಕ್ಕೆ ಒಂದೊಂದು ಗೆರೆಯಿಂದ ಕಟ್ಟಿ, ಪ್ರತಿ ಸಾರಜನಕಕ್ಕೆ ಎರಡೆರಡು ಜಲಜನಕಗಳನ್ನು ಸೇರಿಸಿದರೆ ಏಳು ಜೋಡಿಗಳು ಖರ್ಚಾಗುತ್ತವೆ. ಉಳಿದ ಐದರಲ್ಲಿ ಮೂರನ್ನು ಆಮ್ಲಜನಕಕ್ಕೂ ಒಂದೊಂದನ್ನು ಸಾರಜನಕಗಳಿಗೂ ಒಂಟಿ ಜೋಡಿಗಳಾಗಿ ಕೊಟ್ಟಾಗ ಅವುಗಳಿಗೆಲ್ಲ ಎಂಟು ತುಂಬಿ, ನಡುವಣ ಇಂಗಾಲಕ್ಕೆ ಮಾತ್ರ ಆರೇ ಉಳಿಯುತ್ತದೆ. ಆಮ್ಲಜನಕದ ಒಂದು ಒಂಟಿ ಜೋಡಿಯನ್ನು ನಡುವಿಗೆ ಸರಿಸಿ ಅಲ್ಲಿ ದ್ವಿಬಂಧವನ್ನು ಮಾಡಿದೊಡನೆ ಆ ಕೊರತೆಯೂ ನೀಗುತ್ತದೆ. ಜೋಡಿಗಳು ಹನ್ನೆರಡೇ, ಒಂದೂ ಹೆಚ್ಚಿಲ್ಲ, ಕಡಮೆಯಿಲ್ಲ. ಮಕ್ಕಳ ತಪ್ಪುಗಳಲ್ಲಿ ಬಹುಪಾಲು ಈ ಆಯವ್ಯಯವನ್ನು ಕೊನೆಯಲ್ಲಿ ತಾಳೆ ನೋಡದೆ ಬಿಡುವುದರಿಂದಲೇ ಉಂಟಾಗುತ್ತವೆ.

ಚುಕ್ಕಿರಚನೆ ಬಂಧಗಳನ್ನು ಹೇಳುತ್ತದೆಯೇ ಹೊರತು ಆಕಾರವನ್ನು ಹೇಳುವುದಿಲ್ಲ. ಗೋಬರ್ ಗ್ಯಾಸಿನ ಮೀಥೇನನ್ನು ಕಾಗದದ ಮೇಲೆ ಬರೆದಾಗ ನಾಲ್ಕು ಜಲಜನಕಗಳು ನಾಲ್ಕು ದಿಕ್ಕಿಗೆ ಕೂಡುರಸ್ತೆಯಂತೆ ನಿಂತು 90 ಅಂಶದ ಕೋನವನ್ನು ಮಾಡುತ್ತವೆ. ಹಾಫ್‌ಮನ್ನನ ಚೆಂಡುಗಳೂ ಹಾಗೆಯೇ ಚಪ್ಪಟೆಯಾಗಿದ್ದವು. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖ ಘನವೊಂದರ ಮೂಲೆಗಳತ್ತ ಚಾಚಿರುತ್ತವೆಂದು ವಾಂಟ್ ಹಾಫ್ ಮತ್ತು ಲ ಬೆಲ್ 1874ರಲ್ಲಿ ಬೇರೆ ಬೇರೆಯಾಗಿಯೇ ಪ್ರತಿಪಾದಿಸಿದರು, ಕೋನ 109.5 ಅಂಶ. ಇದನ್ನು ಸೂಚಿಸಲು ಕಾಗದದ ತಲದಲ್ಲಿರುವ ಎರಡು ಬಂಧಗಳನ್ನು ಸಾಮಾನ್ಯ ಗೆರೆಗಳಿಂದಲೂ, ನೋಡುವವನತ್ತ ಬರುವ ಬಂಧವನ್ನು ದಪ್ಪನಾದ ಬೆಣೆಯಾಕಾರದಿಂದಲೂ, ಹಿಂದಕ್ಕೆ ಸರಿಯುವುದನ್ನು ಕಡಿಗೆರೆಗಳಿಂದಲೂ ಬರೆಯುತ್ತಾರೆ. ಅಮೋನಿಯದಲ್ಲಿ ಒಂದು ಒಂಟಿ ಜೋಡಿ ಬಂಧಗಳನ್ನು ಒತ್ತುವುದರಿಂದ ಕೋನ ಸುಮಾರು 107ಕ್ಕೂ, ನೀರಿನಲ್ಲಿ ಎರಡು ಒಂಟಿ ಜೋಡಿಗಳಿರುವುದರಿಂದ 104.5ಕ್ಕೂ ಇಳಿಯುತ್ತದೆ. ನೀರನ್ನು ನೇರ ಗೆರೆಯಲ್ಲಿ ಬರೆಯುವುದು ಚಿಕ್ಕ ತಪ್ಪೆಂದು ತೋರಬಹುದು. ನೀರಿನ ಅಣು ನಿಜವಾಗಿ ನೆಟ್ಟಗಿದ್ದಿದ್ದರೆ ಅದರ ಎರಡು ತುದಿಗಳ ವಿದ್ಯುತ್ ಪಕ್ಷಪಾತ ಪರಸ್ಪರ ರದ್ದಾಗಿ, ಉಪ್ಪನ್ನಾಗಲಿ ಮೈಲುತುತ್ತನ್ನಾಗಲಿ ಅದು ಈಗಿನಂತೆ ಕರಗಿಸುತ್ತಿರಲಿಲ್ಲ.

ಈ ಸೀಮೆಗೆ ಅತ್ಯಂತ ಸಮೀಪದ ಅಣು ಕೆಫೀನ್. ಜರ್ಮನಿಯ ರುಂಗೆ 1819ರಲ್ಲಿ ಕಾಫಿ ಬೀಜದಿಂದ ಇದನ್ನು ಬೇರ್ಪಡಿಸಿದನು. ಬೀಜವನ್ನು ಅವನ ಕೈಗೆ ಕೊಟ್ಟು ಪರೀಕ್ಷಿಸಹೇಳಿದವನು ಕವಿ ಗಯಟೆ. ಆದರೆ ಅದರ ರಚನೆ ಎಮಿಲ್ ಫಿಷರನ ಕೈಯಲ್ಲಿ ಸ್ಥಿರಪಟ್ಟದ್ದು ಆ ಶತಮಾನದ ಕೊನೆಯಲ್ಲಿ. ಈ ವರ್ಗದ ಪದಾರ್ಥಗಳ ಮೇಲಣ ಕೆಲಸವೂ ಸೇರಿ ಅವನಿಗೆ 1902ರ ನೊಬೆಲ್ ಪಾರಿತೋಷಕ ದೊರೆಯಿತು. ಎಂಟು ಇಂಗಾಲ, ಹತ್ತು ಜಲಜನಕ, ನಾಲ್ಕು ಸಾರಜನಕ, ಎರಡು ಆಮ್ಲಜನಕಗಳುಳ್ಳ ಈ ಅಣುವನ್ನು ಚುಕ್ಕಿಗಳಿಂದ ಬರೆಯಹೊರಟರೆ ಪುಟ ಗೋಜಲಾಗುವುದರಿಂದ, ಇಲ್ಲಿ ಅಸ್ಥಿಚಿತ್ರವೆಂಬ ಸಂಕ್ಷೇಪ ಕ್ರಮವನ್ನು ಬಳಸತಕ್ಕದ್ದು. ಅದರಲ್ಲಿ ಗೆರೆಗಳು ಕೂಡುವ ಹೆಸರಿಲ್ಲದ ಪ್ರತಿಯೊಂದು ಮೂಲೆಯೂ ಇಂಗಾಲ. ಇಂಗಾಲಕ್ಕೆ ನಾಲ್ಕು ಬಂಧಗಳು ತುಂಬಲು ಬೇಕಾದಷ್ಟು ಜಲಜನಕಗಳು ಬರೆಯದೆಯೇ ಇವೆಯೆಂದು ಗ್ರಹಿಸಬೇಕು.

ಬರೆಯುವ ಕ್ರಮ ಹೀಗೆ. ಒಂದು ಮೂಲೆ ಮೇಲಕ್ಕೂ ಒಂದು ಕೆಳಕ್ಕೂ ಬರುವಂತೆ ಷಡ್ಭುಜವನ್ನೆಳೆದು, ಅದರ ಬಲಬದಿಯ ಲಂಬ ಭುಜವನ್ನೇ ತನ್ನದಾಗಿ ಮಾಡಿಕೊಂಡ ಪಂಚಭುಜವೊಂದನ್ನು ಬಲಕ್ಕೆ ಹೊಂದಿಸಬೇಕು. ಮೂಲೆಗಳು ಒಟ್ಟು ಒಂಬತ್ತು. ಷಡ್ಭುಜದ ಎಡಮೇಲಿನ ಮೂಲೆಯಲ್ಲಿಯೂ ತಳದ ಮೂಲೆಯಲ್ಲಿಯೂ ಸಾರಜನಕವನ್ನು ಬರೆದು, ಪಂಚಭುಜದಲ್ಲಿ ಹಂಚಿಕೆಯಾಗದ ಮೂರು ಮೂಲೆಗಳ ಪೈಕಿ ಮೇಲಿನದನ್ನೂ ಕೆಳಗಿನದನ್ನೂ ಸಾರಜನಕಕ್ಕೆ ಬಿಟ್ಟರೆ, ಮಿಕ್ಕ ಐದು ಮೂಲೆಗಳೂ ಇಂಗಾಲಗಳಾಗುತ್ತವೆ. ಷಡ್ಭುಜದ ತುದಿಮೂಲೆಗೂ ಎಡಕೆಳಗಿನ ಮೂಲೆಗೂ ಹೊರಮುಖವಾಗಿ ದ್ವಿಬಂಧದಿಂದ ಒಂದೊಂದು ಆಮ್ಲಜನಕ. ಎರಡು ಆಕೃತಿಗಳು ಹಂಚಿಕೊಂಡ ಭುಜದಲ್ಲಿ ಒಂದು ದ್ವಿಬಂಧ. ಪಂಚಭುಜದ ಕೆಳಗಿನ ಸಾರಜನಕಕ್ಕೂ ಬಲತುದಿಯ ಇಂಗಾಲಕ್ಕೂ ನಡುವೆ ಇನ್ನೊಂದು. ಕಡೆಗೆ ಆ ಕೆಳಗಿನ ಸಾರಜನಕವೊಂದನ್ನು ಬಿಟ್ಟು ಉಳಿದ ಮೂರಕ್ಕೂ ಒಂದು ಇಂಗಾಲವೂ ಮೂರು ಜಲಜನಕಗಳೂ ಉಳ್ಳ ಒಂದೊಂದು ಮೀಥೈಲ್ ಗುಂಪನ್ನು ಸೇರಿಸಬೇಕು. ಎಡಬದಿಯ ಮೀಥೈಲನ್ನು ಬರೆಯುವಾಗ ಬಂಧದ ಗೆರೆ ಇಂಗಾಲದ ಅಕ್ಷರಕ್ಕೆ ತಾಗಬೇಕೇ ಹೊರತು ಜಲಜನಕದ ಅಂಕಿಗಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ದೋಷ ಸರ್ವೇಸಾಮಾನ್ಯ. ಮುಗಿದ ಮೇಲೆ ಎಣಿಸಿ ನೋಡಬೇಕು: ಉಂಗುರಗಳಲ್ಲಿ ಐದು, ಮೀಥೈಲುಗಳಲ್ಲಿ ಮೂರು, ಒಟ್ಟು ಎಂಟು ಇಂಗಾಲ, ಮೀಥೈಲುಗಳಲ್ಲಿ ಒಂಬತ್ತು, ಬಲತುದಿಯ ಮೂಲೆಯಲ್ಲಿ ಬರೆಯದೆ ಅಡಗಿರುವ ಒಂದು, ಒಟ್ಟು ಹತ್ತು ಜಲಜನಕ.

ಹೀಗೆ ಬರೆದ ಚಿತ್ರ ಕೇವಲ ಅಭ್ಯಾಸಕ್ಕಲ್ಲ. ಎಡಮೇಲಿನ ಮೀಥೈಲನ್ನು ಅಳಿಸಿ ಅಲ್ಲಿ ಜಲಜನಕವನ್ನಿಟ್ಟರೆ ಕೋಕೋದ ಥಿಯೋಬ್ರೋಮಿನ್ ಆಗುತ್ತದೆ. ಅದನ್ನು ಉಳಿಸಿ ಪಂಚಭುಜದ ಮೀಥೈಲನ್ನು ಅಳಿಸಿದರೆ ಉಬ್ಬಸಕ್ಕೆ ಕೊಡುತ್ತಿದ್ದ ಥಿಯೋಫಿಲಿನ್. ಎಚ್ಚರದ ಹೊತ್ತು ಕಳೆದಂತೆಲ್ಲ ಮಿದುಳಿನಲ್ಲಿ ಶೇಖರವಾಗಿ ತೂಕಡಿಕೆಯನ್ನು ತರುವ ಅಡಿನೋಸಿನ್ ಎಂಬ ಪದಾರ್ಥದಲ್ಲಿಯೂ ಇದೇ ಷಡ್ಭುಜ–ಪಂಚಭುಜಗಳ ಜೋಡಿಯಿದೆ. ಆ ಸಾಮ್ಯದ ಬಲದಿಂದಲೇ ಕೆಫೀನ್ ಅಡಿನೋಸಿನ್ನಿನ ಗ್ರಾಹಿಗಳಲ್ಲಿ ತಾನು ಕುಳಿತು ಅದಕ್ಕೆ ಎಡೆಗೊಡದೆ ನಿದ್ರೆಯನ್ನು ತಡೆಯುತ್ತದೆ. ಅಣುಸೂತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ತಿಳಿಯದ ಈ ಸಂಗತಿ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿರಿಸಿದೊಡನೆ ಗೋಚರವಾಗುತ್ತದೆ. ಆದರೆ ಅರೇಬಿಕದ ಬೀಜದಲ್ಲಿ ಕೆಫೀನ್ ಸುಮಾರು ನೂರಕ್ಕೆ 1.2, ರೊಬಸ್ಟದಲ್ಲಿ ಸುಮಾರು 2.2 ಇರುವುದನ್ನು ಚಿತ್ರ ಹೇಳಲಾರದು. ಎರಡರ ಅಣುವೂ ಒಂದೇ. ಕಾಗದದ ಮೇಲೆ ಬರೆಯುವ ಈ ರಚನೆ ಹರಳಿನಲ್ಲಿ ಅಳತೆಗೂ ಸಿಕ್ಕಿದೆ: 1958ರಲ್ಲಿ ಜೂನ್ ಸೂಟರ್ ಎಂಬಾಕೆ ಕ್ಷಕಿರಣಗಳಿಂದ ಕೆಫೀನ್ ಹರಳಿನ ರಚನೆಯನ್ನು ಅಳೆದು ಪ್ರಕಟಿಸಿದಳು.

ಇನ್ನು ಮೈಲುತುತ್ತು. ಕಾಫಿಯ ಎಲೆತುಕ್ಕು, ಕೊಳೆರೋಗಗಳಿಗೂ ಅಡಕೆಯ ಕೊಳೆರೋಗಕ್ಕೂ ಸಿಂಪಡಿಸುವ ಬೋರ್ಡೋ ದ್ರಾವಣದ ಮೂಲದ್ರವ್ಯ ಇದು. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗವನ್ನು ಕುರಿತ ತಮ್ಮ ಪ್ರಬಂಧವನ್ನು 1910ರಲ್ಲಿ ಪ್ರಕಟಿಸಿದರು. ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿರುವ ಬಾಳೆಹೊನ್ನೂರಿನ ಪ್ರಯೋಗ ಕೇಂದ್ರ 1925ರಲ್ಲಿ ಸ್ಥಾಪಿತವಾದದ್ದೂ ಅವರ ಕಾಲದಲ್ಲಿಯೇ. ಮೈಲುತುತ್ತನ್ನು ಕೆಫೀನಿನಂತೆ ಒಂದು ಅಣುವಾಗಿ ಬರೆಯಹೊರಡುವುದು ಮೂಲದಲ್ಲಿಯೇ ತಪ್ಪು. ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ತಾಮ್ರದ ಅಯಾನು, ಎರಡನ್ನು ಅಧಿಕವಾಗಿ ಪಡೆದ ಸಲ್ಫೇಟ್ ಅಯಾನು, ಐದು ನೀರಿನ ಅಣುಗಳು ಒಂದು ಹರಳಿನೊಳಗೆ ಕ್ರಮವಾಗಿ ಜೋಡಿಸಿಕೊಂಡ ವ್ಯವಸ್ಥೆ. ಅಯಾನನ್ನು ಚೌಕ ಆವರಣದೊಳಗಿರಿಸಿ ಹೊರಗೆ ಬಲಮೇಲ್ಭಾಗದಲ್ಲಿ ಆವೇಶವನ್ನು ಬರೆಯುವುದು ರೂಢಿ. ತೋಟಗಳಲ್ಲಿ ದ್ರಾವಣ ಹದವಾಯಿತೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡುವ ಪದ್ಧತಿಯುಂಟು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೇಕೆಂದರ್ಥ. ಅಲ್ಲಿ ನಡೆಯುವುದನ್ನು ಬರೆದು ತೋರಿಸಲು ಕಬ್ಬಿಣದ ಪರಮಾಣುವಿನಿಂದ ತಾಮ್ರದ ಅಯಾನಿಗೆ ಎರಡು ಎಲೆಕ್ಟ್ರಾನುಗಳು ದಾಟುವ ಒಂದು ಬಾಣವಷ್ಟೇ ಸಾಕು: ಕಬ್ಬಿಣ ಅಯಾನಾಗಿ ಕರಗುತ್ತದೆ, ತಾಮ್ರ ಲೋಹವಾಗಿ ಅಲಗಿಗೆ ಅಂಟುತ್ತದೆ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂಬ ಕಟ್ಟಳೆಗೂ ಕಾರಣ ಅದೇ ಬಾಣ.

ಕಳಸಕ್ಕೆ ಸಮೀಪದ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಮ್ಯಾಗ್ನೆಟೈಟ್ ಅದಿರಿಗೂ ಅಣುಚಿತ್ರವಿಲ್ಲ. ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕವೆಂಬ ಅನುಪಾತ ಮಾತ್ರವುಂಟು, ಅದನ್ನು ಅಯಾನುಗಳ ಜಾಲವಾಗಿಯೇ ಬರೆಯಬೇಕು.

ಬೋರನ ವರ್ತುಲಚಿತ್ರವನ್ನು ಕ್ಯಾಲ್ಸಿಯಮ್ಮಿನಲ್ಲಿ, ಅಂದರೆ ಇಪ್ಪತ್ತನೆಯ ಧಾತುವಿನಲ್ಲಿ ನಿಲ್ಲಿಸುವುದು ಲೇಸು. ತಾಮ್ರಕ್ಕೆ ಅದನ್ನು ಬರೆದರೆ 2, 8, 18, 1 ಎಂದು ಬರುತ್ತದೆ. ಆ ಒಂದು ಚುಕ್ಕಿಯನ್ನು ನೋಡಿದವನು ತಾಮ್ರ ಒಂದೇ ಎಲೆಕ್ಟ್ರಾನನ್ನು ಬಿಡುವುದೆಂದು ತೀರ್ಮಾನಿಸುವನಲ್ಲದೆ, ಮೈಲುತುತ್ತಿನಲ್ಲಿ ಅದು ಎರಡನ್ನು ಬಿಟ್ಟಿರುವುದನ್ನಾಗಲಿ, ಹರಳು ನೀಲಿಯಾಗಿರುವುದನ್ನಾಗಲಿ ಊಹಿಸಲಾರನು. ನೀಲಿಗೆ ಉತ್ತರ ಬೇಕಾದರೆ ತಾಮ್ರದ ಅಯಾನನ್ನು ನಡುವೆ ಬರೆದು, ನಾಲ್ಕು ನೀರಿನ ಅಣುಗಳ ಆಮ್ಲಜನಕಗಳು ಅದರತ್ತ ತಿರುಗಿರುವಂತೆ ಚೌಕವಾಗಿ ಸುತ್ತಲೂ ನಿಲ್ಲಿಸಿ, ಐದನೆಯದನ್ನು ಸಲ್ಫೇಟಿನ ಬಳಿ ಚುಕ್ಕಿಗೆರೆಯಿಂದ ಬಂಧಿಸಬೇಕು. ಹರಳನ್ನು ಬಾಣಲೆಯಲ್ಲಿ ಚೆನ್ನಾಗಿ ಕಾಯಿಸಿದಾಗ ಈ ನೀರೆಲ್ಲ ಹೊರಟುಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಒಂದು ಹನಿ ನೀರು ಬಿದ್ದರೆ ಪುನಃ ನೀಲಿಯಾಗುತ್ತದೆ.