ಎಂಟನೇ ತರಗತಿಯ ನಂತರ: ತೆಂಗಿನ ಸೀಮೆಯ ಕುಟುಂಬಗಳಿಗೆ ಸರ್ಕಾರದ ವಿದ್ಯಾರ್ಥಿವೇತನಗಳು

ಜೈನರೆಂದರೆ ಅನುಕೂಲಸ್ಥರು ಎಂಬ ಭಾವನೆ ಹೊರಗಿನವರಲ್ಲಿ ಮಾತ್ರವಲ್ಲ, ನಮ್ಮಲ್ಲೂ ಇದೆ. 2011ರ ಜನಗಣತಿಯಲ್ಲಿ ಧರ್ಮವಾರು ಸಾಕ್ಷರತೆಯಲ್ಲಿ ಜೈನರೇ ಮೊದಲ ಸ್ಥಾನದಲ್ಲಿದ್ದರು. ಆದರೆ ಸರಾಸರಿ ಎಂಬುದು ಎಲ್ಲ ಮನೆಗಳ ಕಥೆಯನ್ನೂ ಹೇಳುವುದಿಲ್ಲ. ಕರ್ನಾಟಕದ ಜೈನರಲ್ಲಿ ಬೇಸಾಯವನ್ನೇ ನಂಬಿದವರು ಬಹಳ. ಅವರ ಮಕ್ಕಳ ಓದು ಮಳೆ ಮತ್ತು ಮಾರುಕಟ್ಟೆಯನ್ನು ಅವಲಂಬಿಸಿದೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಹೋಬಳಿಯನ್ನೇ ನೋಡಿ. ಇಲ್ಲಿ ತೆಂಗೇ ಆಧಾರ. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂ. ಇತ್ತು, ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಅಂಥ ವರ್ಷದಲ್ಲಿ ಕೊಬ್ಬರಿ ಮಾರದೆ ಅಟ್ಟದಲ್ಲೇ ಉಳಿಯಬಹುದು, ಜೂನ್ ತಿಂಗಳ ಶಾಲಾ ಖರ್ಚು ಮಾತ್ರ ಕಾಯುವುದಿಲ್ಲ.

ಎಂಟನೇ ತರಗತಿ ಏಕೆ ಮುಖ್ಯ?

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿಯವರೆಗೆ, ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಆನಂತರ ಪುಸ್ತಕ, ಬಸ್ಸು, ಪರೀಕ್ಷಾ ಶುಲ್ಕ, ಹಾಸ್ಟೆಲ್ ಎಂದು ಖರ್ಚು ಏರುತ್ತದೆ. ಮಗು ಶಾಲೆ ಬಿಡುವ ಅಪಾಯವೂ ಅಲ್ಲಿಂದಲೇ ಹೆಚ್ಚು. ಕೆಳಗಿನ ಯೋಜನೆಗಳ ನೆರವು ಬಹುತೇಕ ಇದೇ ಹಂತದಿಂದ ಆರಂಭವಾಗುತ್ತದೆ. ಆದ್ದರಿಂದ ಮಗು ಏಳನೇ ತರಗತಿಯಲ್ಲಿರುವಾಗಲೇ ದಾಖಲೆ ಸಿದ್ಧಪಡಿಸುವುದು ಒಳ್ಳೆಯದು.

1. ಎನ್‌ಎಂಎಂಎಸ್

ಇದು 2008ರಲ್ಲಿ ಆರಂಭವಾದ ಕೇಂದ್ರದ ಯೋಜನೆ. ಜಾತಿ, ಧರ್ಮದ ಷರತ್ತಿಲ್ಲ. ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ ಓದುವ, ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರದ ಮಕ್ಕಳು ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆಯಬಹುದು. ಏಳನೇ ತರಗತಿಯಲ್ಲಿ ಶೇ. 55 ಅಂಕ ಬೇಕು (ಪರಿಶಿಷ್ಟರಿಗೆ ಶೇ. 5 ವಿನಾಯಿತಿ). ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂ.; ನಾಲ್ಕು ವರ್ಷಕ್ಕೆ 48,000 ರೂ. ಪರೀಕ್ಷೆ ಪಾಸಾದ ಮಾತ್ರಕ್ಕೆ ಹಣ ಬರುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಪ್ರತಿ ವರ್ಷ ನವೀಕರಿಸಬೇಕು.

2. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ

2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. ಕೇಂದ್ರದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಗಳ ಬಾಗಿಲು ನಮಗೆ ತೆರೆದದ್ದು ಆಗ. ಆಗ ಮೆಟ್ರಿಕ್ ಪೂರ್ವ ವೇತನಕ್ಕೆ ಆದಾಯ ಮಿತಿ 1 ಲಕ್ಷ ರೂ., ಮೆಟ್ರಿಕ್ ನಂತರದ್ದಕ್ಕೆ 2 ಲಕ್ಷ ರೂ. ಇತ್ತು; ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಬೇಕಿತ್ತು, ಒಂದು ಕುಟುಂಬದ ಇಬ್ಬರು ಮಕ್ಕಳಿಗೆ ಮಾತ್ರ ಸಿಗುತ್ತಿತ್ತು, ಶೇ. 30 ಪಾಲು ಹೆಣ್ಣುಮಕ್ಕಳಿಗೆ ಮೀಸಲಿತ್ತು. ಮೊದಲು ಒಂದನೇ ತರಗತಿಯಿಂದಲೇ ಇದ್ದ ಮೆಟ್ರಿಕ್ ಪೂರ್ವ ವೇತನವನ್ನು 2022-23ರಲ್ಲಿ 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಲಾಯಿತು. ಹಿಂದಿನ ವರ್ಷ ಬಂದಿತ್ತು ಎಂದು ನಂಬಿ ಕೂರದೆ, ಆಯಾ ವರ್ಷದ ಪ್ರಕಟಣೆಯನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

3. ರೈತ ವಿದ್ಯಾನಿಧಿ

ರಾಜ್ಯ ಸರ್ಕಾರ 2021ರಲ್ಲಿ ರೈತರ ಮಕ್ಕಳಿಗಾಗಿ ಆರಂಭಿಸಿದ ಯೋಜನೆ. ಆಗ ನಿಗದಿಪಡಿಸಿದ ವಾರ್ಷಿಕ ಮೊತ್ತ ಹೀಗಿತ್ತು:

- ಪಿಯುಸಿ, ಐಟಿಐ, ಡಿಪ್ಲೊಮಾ: ಹುಡುಗರಿಗೆ 2,500 ರೂ., ಹುಡುಗಿಯರಿಗೆ 3,000 ರೂ.
- ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಂತಾದ ಪದವಿ: 5,000 ರೂ., 5,500 ರೂ.
- ಕಾನೂನು, ನರ್ಸಿಂಗ್, ಅರೆವೈದ್ಯಕೀಯ: 7,500 ರೂ., 8,000 ರೂ.
- ವೈದ್ಯಕೀಯ, ಎಂಜಿನಿಯರಿಂಗ್, ಸ್ನಾತಕೋತ್ತರ: 10,000 ರೂ., 11,000 ರೂ.

ನಂತರ 8ರಿಂದ 10ನೇ ತರಗತಿಯ ಹೆಣ್ಣುಮಕ್ಕಳಿಗೂ 2,000 ರೂ. ಎಂದು ವಿಸ್ತರಿಸಲಾಯಿತು. ಇದಕ್ಕೆ ಪೋಷಕರ ಜಮೀನು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿರಬೇಕು. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದರೆ ತೊಡಕಾಗುತ್ತದೆ. ತೋಟ ನೋಡಿಕೊಳ್ಳುವವರು ಮಗನೇ ಆದರೂ ದಾಖಲೆಯಲ್ಲಿ ಅವರು ರೈತರಲ್ಲ. ಪೌತಿ ಖಾತೆ ಮಾಡಿಸುವುದನ್ನು ಮುಂದೂಡಬೇಡಿ.

4. ವಿದ್ಯಾಸಿರಿ

ಪಿಯುಸಿಗೆ ಚಿಕ್ಕನಾಯಕನಹಳ್ಳಿ ಅಥವಾ ತಿಪಟೂರಿಗೆ ಹೋಗುವ ಹಳ್ಳಿಯ ಮಕ್ಕಳಿಗೆ ಹಾಸ್ಟೆಲ್ ಸೀಟು ದೊಡ್ಡ ಚಿಂತೆ. ಸರ್ಕಾರಿ ಹಾಸ್ಟೆಲ್ ಸಿಗದ ಮೆಟ್ರಿಕ್ ನಂತರದ ವಿದ್ಯಾರ್ಥಿಗಳಿಗೆ ಊಟ, ವಸತಿಗಾಗಿ 10 ತಿಂಗಳು ನೆರವು ನೀಡುವ ಯೋಜನೆ ವಿದ್ಯಾಸಿರಿ. ದಿಗಂಬರ ಜೈನರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 3ಬಿಯಲ್ಲಿದ್ದಾರೆ; ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಇದು ನೆನಪಿರಲಿ.

ಅರ್ಜಿ ತಪ್ಪುವುದು ಎಲ್ಲಿ?

- ಹೆಸರು: ಆಧಾರ್, ಶಾಲಾ ದಾಖಲೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ‘ಜೈನ್’ ಸೇರಿ ಇನ್ನೊಂದರಲ್ಲಿ ಇಲ್ಲದಿದ್ದರೆ ಅರ್ಜಿ ಪರಿಶೀಲನೆಯಲ್ಲೇ ನಿಲ್ಲಬಹುದು.
- ಜಾತಿ, ಆದಾಯ ಪ್ರಮಾಣಪತ್ರ: ನಾಡಕಚೇರಿಯಲ್ಲಿ ಸಿಗುತ್ತದೆ. ಕೊಬ್ಬರಿಗೆ ಒಳ್ಳೆಯ ಬೆಲೆ ಇದ್ದ ವರ್ಷದ ಪತ್ರವನ್ನೇ ಇಟ್ಟುಕೊಳ್ಳದೆ, ಆದಾಯ ಕುಸಿದಿದ್ದರೆ ಹೊಸದಕ್ಕೆ ಅರ್ಜಿ ಹಾಕಿ.
- ಬ್ಯಾಂಕ್ ಖಾತೆ: ಹಣ ನೇರವಾಗಿ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಬಹಳ ದಿನ ವ್ಯವಹಾರವಿಲ್ಲದೆ ಸ್ಥಗಿತವಾದ ಖಾತೆಯನ್ನು ಮೊದಲು ಚಾಲ್ತಿ ಮಾಡಿಸಿ.
- ಎರಡೆರಡು ಅರ್ಜಿ: ಕೇಂದ್ರದ ಅಲ್ಪಸಂಖ್ಯಾತರ ವೇತನ ಪಡೆಯುವ ಮಗು ಅದೇ ಓದಿಗೆ ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಎರಡೂ ಕಡೆ ಹಾಕುವ ಮೊದಲು ನಿಯಮ ಓದಿ, ಮೊತ್ತ ಹೋಲಿಸಿ.

ಈ ಹಣದಿಂದ ಓದಿನ ಖರ್ಚೆಲ್ಲ ತೀರುವುದಿಲ್ಲ. ಆದರೆ ಬೆಲೆ ಬಿದ್ದ ವರ್ಷದಲ್ಲಿ ‘ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ’ ಎಂಬ ಮಾತು ಮನೆಯಲ್ಲಿ ಬಾರದಂತೆ ತಡೆಯಲು ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಅರ್ಜಿ ಹಾಕುವುದು ಕೈಚಾಚುವುದಲ್ಲ, ಕಾನೂನು ಕೊಟ್ಟ ಅವಕಾಶವನ್ನು ಬಳಸಿಕೊಳ್ಳುವುದು. ನಿಮ್ಮ ಊರಿನಲ್ಲಿ ಏಳು, ಎಂಟನೇ ತರಗತಿಯ ಮಕ್ಕಳಿರುವ ಮನೆಗಳಿಗೆ ಈ ಮಾಹಿತಿ ತಲುಪಿಸಿ. ಪೋರ್ಟಲ್ ಬಳಸಲು ಬಾರದ ಹಿರಿಯರಿಗೆ ಓದಿದ ಯುವಕ, ಯುವತಿಯರು ಜೊತೆಗೆ ಕುಳಿತು ಅರ್ಜಿ ತುಂಬಿಕೊಡಿ.