ಕೈಬಿಟ್ಟ ಮಹಾಪ್ರಾಣ

ನಮ್ಮ ಮಹಿಳಾ ಸಮಾಜದ ಚಟ್ನಿಪುಡಿಯನ್ನು ಹೊರದೇಶಕ್ಕೂ ಏಕೆ ಕಳಿಸಬಾರದು ಎಂಬ ಮಾತು ಬಂದಾಗ ದೊಡ್ಡ ವಾದವೇ ಆಯಿತು. "ಖಾರ ಕಡಿಮೆ ಮಾಡಿದರೆ ಅದು ನಮ್ಮ ಚಟ್ನಿಪುಡಿಯೇ ಅಲ್ಲ" ಎಂದರು ಒಬ್ಬರು. "ಮಾಡದಿದ್ದರೆ ಅಲ್ಲಿ ಕೊಳ್ಳುವವರು ಯಾರು?" ಎಂದರು ಇನ್ನೊಬ್ಬರು. ಆಗ ನಾನು ಪಾಠಕ್ ಕುಟುಂಬದ ಕಥೆ ಹೇಳಿದೆ.

ಗುಜರಾತಿನ ಲಕ್ಷ್ಮೀಶಂಕರ ಪಾಠಕ್ ಕೀನ್ಯಾದಲ್ಲಿ ನೆಲೆಸಿದ್ದವರು. 1956ರಲ್ಲಿ ಹೆಂಡತಿ ಶಾಂತಾ ಮತ್ತು ಮಕ್ಕಳೊಡನೆ ಇಂಗ್ಲೆಂಡಿಗೆ ಬಂದಾಗ ಕೈಯಲ್ಲಿ ಹೆಚ್ಚು ಕಾಸಿರಲಿಲ್ಲ. ಲಂಡನ್ನಿನ ಮನೆಯ ಅಡಿಗೆಕೋಣೆಯಲ್ಲೇ ಗಂಡಹೆಂಡಿರು ಸಮೋಸ, ಸಿಹಿತಿಂಡಿ ಮಾಡಿ ಮಾರತೊಡಗಿದರು. ಊರ ರುಚಿಗೆ ಹಂಬಲಿಸುತ್ತಿದ್ದ ನಮ್ಮವರಿಗಾಗಿ ಏನನ್ನೂ ಬದಲಿಸಬೇಕಾಗಿರಲಿಲ್ಲ. ಆಮೇಲೆ ಅಂಗಡಿ ಬಂತು, ಉಪ್ಪಿನಕಾಯಿ ಬಂತು. ಆದರೆ ಇಂಗ್ಲಿಷರ ಮನೆಯೊಳಗೆ ಕಾಲಿಡಬೇಕಾದಾಗ ಕಲಿಯುವ ಸರದಿ ಇವರದಾಯಿತು.

ಅವರ ನಾಲಿಗೆಗೆ ಸುಲಭವಾಗಲೆಂದು ಹೆಸರಿನ ಮಹಾಪ್ರಾಣವನ್ನೇ ಕೈಬಿಟ್ಟರು. 'ಪಾಠಕ್' ಹೋಗಿ 'ಪಟಾಕ್ಸ್' ಆಯಿತು. ಮನೆತನದ ಹೆಸರು ತಿದ್ದಿದಾಗ ಮನಸ್ಸಿಗೆ ಎಷ್ಟು ನೋವಾಯಿತೋ! ನನ್ನಜ್ಜಿಯೂ 'ಪಾಠ'ವನ್ನು 'ಪಾಟ' ಎನ್ನುತ್ತಿದ್ದಳು ಎಂದು ನೆನೆದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಮಸಾಲೆಯದು ಇನ್ನೂ ಕಷ್ಟದ ಪಾಠ. ಪುಡಿಯನ್ನು ಎಣ್ಣೆಯಲ್ಲಿ ಎಷ್ಟು ಹುರಿದರೆ ಹಸಿವಾಸನೆ ಹೋಗುತ್ತದೆ, ಯಾವಾಗ ಸೀಯುತ್ತದೆ ಎಂಬುದು ನಮಗೆ ಅಮ್ಮನ ಪಕ್ಕದಲ್ಲಿ ನಿಂತು ಬಂದ ವಿದ್ಯೆ. ಅಲ್ಲಿನ ಗೃಹಿಣಿಗೆ ಅದನ್ನು ಹೇಳಿಕೊಡುವವರು ಯಾರು? ಅದಕ್ಕೆ ಉತ್ತರವಾಗಿ ಬಂದದ್ದು ಎಣ್ಣೆಯಲ್ಲಿ ಕಾಪಿಟ್ಟ ಮಸಾಲೆಯ ಪೇಸ್ಟ್. ಬಾಟಲಿ ತೆರೆದು ಬಾಣಲೆಗೆ ಹಾಕಿದರಾಯಿತು. ಮಗ ಕಿರೀಟ್‌ನನ್ನು 1976ರಲ್ಲಿ ಮದುವೆಯಾಗಿ ಬಂದ ಸೊಸೆ ಮೀನಾ ಮುಂಬಯಿಯಲ್ಲಿ ಹೋಟೆಲ್ ನಿರ್ವಹಣೆ ಓದಿದ್ದವರು. ಹೊಸ ರುಚಿಗಳನ್ನು ಹದಗೊಳಿಸುವ ಕೆಲಸ ಅವರ ಕೈಗೆ ಬಂತು. ಅತ್ತೆ ಒಲೆಯ ಮುಂದೆ ತೊಡಗಿದ್ದನ್ನು ಸೊಸೆ ಅಳತೆಗೆ, ಲೆಕ್ಕಕ್ಕೆ ತಂದಳು.

2007ರಲ್ಲಿ ಕುಟುಂಬ ಈ ಉದ್ಯಮವನ್ನು ಅಸೋಸಿಯೇಟೆಡ್ ಬ್ರಿಟಿಷ್ ಫುಡ್ಸ್ ಎಂಬ ದೊಡ್ಡ ಕಂಪನಿಗೆ ಮಾರಿತು. ತಿದ್ದಿದ ಹೆಸರು ಬಾಟಲಿಯ ಮೇಲೆ ಉಳಿಯಿತು, ಒಡೆತನ ಉಳಿಯಲಿಲ್ಲ.

ಕಥೆ ಕೇಳಿದ ಮೇಲೆ ನಮ್ಮವರು ಎರಡು ಬಗೆ ಮಾಡಲು ಒಪ್ಪಿದರು. ಊರಿನವರಿಗೆ ಇದ್ದ ಹಾಗೆಯೇ, ಪರದೇಶದವರಿಗೆ ಖಾರ ತಗ್ಗಿಸಿ. "ಮೆಣಸಿನಕಾಯಿ ಬೇಕಾದರೆ ಕಡಿಮೆ ಮಾಡಿ. ಹುಣಸೆ, ಬೆಲ್ಲ, ಇಂಗಿನ ಅಳತೆಗೆ ಮಾತ್ರ ಯಾರೂ ಕೈ ಹಾಕಬೇಡಿ" ಎಂದರು ನಮ್ಮಲ್ಲಿ ಹಿರಿಯರೊಬ್ಬರು. ಅದಕ್ಕೆ ಯಾರೂ ಎದುರಾಡಲಿಲ್ಲ.